ಬೆರಳು ಎಣಿಸಲಿ, ಪೆನ್ಸಿಲ್ ಕಾಯಲಿ

ಕಕ್ಕಡ ತಿಂಗಳ ಮಳೆ ಬಿಡುವಿಲ್ಲದೆ ಹೊಯ್ಯುತ್ತಿದ್ದ ಒಂದು ದಿನ. ಶಾಲೆಗಳಿಗೆ ಮಳೆ ರಜೆ. ಮಡಿಕೇರಿ ತಾಲ್ಲೂಕಿನ ಬಂಧುಗಳೊಬ್ಬರ ಮನೆಯಲ್ಲಿ ಒಲೆಯ ಮುಂದೆ ಕುಳಿತಿದ್ದೆ. ಆ ಮನೆಯ ಯುಕೆಜಿ ಹುಡುಗಿ ತನ್ನ ಚೌಕಗೆರೆಯ ನೋಟ್‌ಬುಕ್ಕು ತಂದು ನನ್ನ ತೊಡೆಯ ಮೇಲಿಟ್ಟಳು. ಒಂದರಿಂದ ನೂರರವರೆಗೆ ಅಂಕಿ, ಚೌಕಕ್ಕೊಂದರಂತೆ. ಪೆನ್ಸಿಲ್ ಒತ್ತಿದ ಗುರುತು ಹಿಂದಿನ ಎರಡು ಮೂರು ಹಾಳೆಗಳಿಗೂ ಇಳಿದಿತ್ತು. "ಕೈ ನೋಯ್ತದೆ ಅಜ್ಜ" ಎಂದಳು. ಸುಡಲೆಂದು ತೆಗೆದಿಟ್ಟ ಹಲಸಿನ ಬೀಜದ ಬುಟ್ಟಿ ಪಕ್ಕದಲ್ಲೇ ಇತ್ತು. "ಅದರಿಂದ ಹದಿಮೂರು ಬೀಜ ಎಣಿಸಿ ಕೊಡು ಮಗಾ" ಎಂದೆ. ಅವಳ ಬಾಯಿ ಹದಿಮೂರು ಮುಟ್ಟುವ ಹೊತ್ತಿಗೆ ನನ್ನ ಅಂಗೈಗೆ ಬಂದಿದ್ದ ಬೀಜ ಒಂಬತ್ತು. ಇನ್ನೊಮ್ಮೆ ಎಣಿಸು ಎಂದೆ. ಹದಿನೈದು ಬಂದವು.

ಅವಳು ಚುರುಕು ಹುಡುಗಿ. ದಡ್ಡತನದ ಮಾತು ಇಲ್ಲಿಲ್ಲ. ಅವಳ ನಾಲಿಗೆಗೆ ನೂರರ ತನಕ ಪಾಠವಾಗಿದೆ, ಕಣ್ಣಿಗೆ ಅಂಕಿಗಳ ಆಕಾರ ಪಾಠವಾಗಿದೆ. ಬೆರಳಿಗೆ ಮಾತ್ರ ಯಾರೂ ಏನನ್ನೂ ಕಲಿಸಿಲ್ಲ. ಹಾಗೆ ಕಲಿಯದ ಬೆರಳಿನ ಕೈಗೇ ಪೆನ್ಸಿಲ್ ಕೊಟ್ಟು ದಿನಕ್ಕೆರಡು ಪುಟ ಬರೆಸುತ್ತಿದ್ದೇವೆ. ನನ್ನ ವಾದ ಇಷ್ಟೇ: ಮಗುವಿನ ಎಣಿಕೆ ಬೆರಳಿನಲ್ಲಿ ಹುಟ್ಟಬೇಕು, ಬೆರಳಿನ ಬಲ ಎಣಿಕೆಯಲ್ಲಿ ಬೆಳೆಯಬೇಕು. ಇವೆರಡನ್ನೂ ಒಟ್ಟಿಗೆ ಬೆಳೆಸುವ ಸಾಮಗ್ರಿ ಕೊಡಗಿನ ಪ್ರತಿ ಮನೆಯ ಅಟ್ಟದಲ್ಲೋ ಅಂಗಳದಲ್ಲೋ ಇರುವಾಗ, ಆರು ವರ್ಷ ತುಂಬದ ಮಕ್ಕಳಿಂದ ಅಂಕಿಗಳ ಪುಟ ತುಂಬಿಸುವುದು ತಪ್ಪು.

ಬಾಯಿಯಲ್ಲಿ ಅಂಕಿಗಳನ್ನು ಹೇಳುವುದಕ್ಕೂ ಎಣಿಸುವುದಕ್ಕೂ ಇರುವ ದೂರವನ್ನು ಮೊದಲು ನೋಡಬೇಕು. ರೋಷೆಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟಲ್ ಎಂಬ ಮನಶ್ಶಾಸ್ತ್ರಜ್ಞರು 1978ರ ತಮ್ಮ ಪುಸ್ತಕದಲ್ಲಿ ಎಣಿಕೆಯೊಳಗಿನ ನಿಯಮಗಳನ್ನು ಬಿಡಿಸಿಟ್ಟರು. ಒಂದು ವಸ್ತುವಿಗೆ ಒಂದೇ ಹೆಸರು ಸಲ್ಲಬೇಕು. ಹೆಸರುಗಳ ಸರಣಿ ಪ್ರತಿ ಸಲವೂ ಅದೇ ಆಗಿರಬೇಕು. ಕೊನೆಗೆ ಹೇಳಿದ ಹೆಸರೇ ಇಡೀ ಗುಂಪಿನ ಲೆಕ್ಕ ಎಂಬುದು ತಿಳಿದಿರಬೇಕು. ಯಾವ ಕಡೆಯಿಂದ ಎಣಿಸಿದರೂ, ಏನನ್ನು ಎಣಿಸಿದರೂ ಈ ನಿಯಮ ಬದಲಾಗುವುದಿಲ್ಲ. ನಮ್ಮ ಹುಡುಗಿಗೆ ಸರಣಿ ಬಂದಿತ್ತು, ಮೊದಲನೆಯದು ಬಂದಿರಲಿಲ್ಲ. ನಾಲಿಗೆ ಒಂದು ದಾರಿ, ಕೈ ಇನ್ನೊಂದು ದಾರಿ. ಈ ಎರಡನ್ನೂ ಒಂದೇ ಹೆಜ್ಜೆಗೆ ತರುವುದು ಮುಟ್ಟುವ ಬೆರಳು, ಎತ್ತಿಡುವ ಬೆರಳು. ಒಂದು ಬೀಜ ಎತ್ತಿ ಆಚೆಗಿಡು, 'ಒಂದು'. ಇನ್ನೊಂದು ಎತ್ತಿಡು, 'ಎರಡು'. ಎತ್ತಿಟ್ಟದ್ದು ಮತ್ತೆ ಎಣಿಕೆಗೆ ಬರುವುದಿಲ್ಲ, ಉಳಿದದ್ದು ತಪ್ಪಿಹೋಗುವುದಿಲ್ಲ. ನೋಟ್‌ಬುಕ್ಕಿನ ಚೌಕದಲ್ಲಿ 13 ಎಂದು ಬರೆಯುವಾಗ ಈ ಅನುಭವದ ಒಂದು ಕಣವೂ ಸಿಗುವುದಿಲ್ಲ. ಅಲ್ಲಿ ಅದು ಒಂದು ಗೀಟು ಮತ್ತು ಎರಡು ಕೊಕ್ಕೆಗಳ ಚಿತ್ರ, ಅಷ್ಟೇ.

ಕನ್ನಡಕ್ಕೆ ಇದು ಹಿಂದಿನಿಂದಲೂ ಗೊತ್ತು. ಚಿಟಿಕೆ, ಹಿಡಿ, ಸೆರೆ, ಬೊಗಸೆ, ಗೇಣು, ಮೊಳ: ಅಳತೆಯ ಈ ಮಾತುಗಳೆಲ್ಲ ಕೈಯಿಂದ ಬಂದವು. ಹೆಬ್ಬೆರಳೂ ತೋರುಬೆರಳೂ ಕೂಡಿದರೆ ಚಿಟಿಕೆ, ಐದೂ ಮಡಚಿದರೆ ಹಿಡಿ, ಅಂಗೈ ಗುಳಿಯಾದರೆ ಸೆರೆ, ಎರಡು ಅಂಗೈ ಸೇರಿದರೆ ಬೊಗಸೆ. ಸಾಂಬಾರಿಗೆ ಒಂದು ಚಿಟಿಕೆ ಇಂಗು, ಕೋಳಿಗೆ ಎರಡು ಹಿಡಿ ಭತ್ತ ಎಂದು ಮಗುವಿನ ಕೈಯಿಂದ ಹಾಕಿಸಿದ ಅಜ್ಜಿ ತನಗೇ ತಿಳಿಯದಂತೆ ಮಗುವಿನ ಕೈಗೆ ನಾಲ್ಕು ಬಗೆಯ ಹಿಡಿತವನ್ನೂ ಅದರೊಡನೆ ಲೆಕ್ಕವನ್ನೂ ಕಲಿಸಿರುತ್ತಿದ್ದಳು. ಅಂಗನವಾಡಿ ತರಬೇತಿಯಲ್ಲಿ 'ಸಣ್ಣ ಸ್ನಾಯುಗಳ ಬೆಳವಣಿಗೆ' ಎಂದು ಹೇಳಿಕೊಡುವುದು ಇದನ್ನೇ.

ಇನ್ನು ಕೈಯ ಒಳಗಿನ ಸಂಗತಿ. ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಎಲುಬುಗಳಿವೆ. ಹುಟ್ಟುವಾಗ ಅವೆಲ್ಲ ಮೆತ್ತನೆಯ ಮೃದ್ವಸ್ಥಿ. ವರ್ಷ ವರ್ಷಕ್ಕೆ ಒಂದೊಂದಾಗಿ ಗಟ್ಟಿಯಾಗತೊಡಗುತ್ತವೆ. ಕೊನೆಯದು ಗಟ್ಟಿಯಾಗಲು ತೊಡಗುವುದು ಎಂಟರಿಂದ ಹನ್ನೆರಡು ವರ್ಷದ ನಡುವೆ. ಹಿಡಿತವೂ ಹೀಗೆಯೇ ಮೆಟ್ಟಿಲು ಹತ್ತುತ್ತದೆ. ಒಂಬತ್ತರಿಂದ ಹನ್ನೆರಡು ತಿಂಗಳ ಕೂಸು ನೆಲದ ಮೇಲಿನ ಅನ್ನದ ಅಗುಳನ್ನು ಎರಡೇ ಬೆರಳಲ್ಲಿ ಹೆಕ್ಕಲು ಕಲಿಯುತ್ತದೆ. ಅದೇ ಮಗು ಒಂದೂವರೆ ವರ್ಷಕ್ಕೆ ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. ಮೂರು ಬೆರಳಲ್ಲಿ ಹಿಡಿದು, ಭುಜವನ್ನೂ ಮಣಿಕಟ್ಟನ್ನೂ ಅಲ್ಲಾಡಿಸದೆ ಬೆರಳುಗಳನ್ನಷ್ಟೇ ಆಡಿಸಿ ಬರೆಯುವ ಹಿಡಿತ ಕೂಡಿಬರುವುದು ಸಾಮಾನ್ಯವಾಗಿ ನಾಲ್ಕೂವರೆಯಿಂದ ಆರು ವರ್ಷದ ನಡುವೆ. ಅದಕ್ಕೆ ಮೊದಲೇ ಬರೆಸಿದರೆ ಮಗು ತನಗೆ ತೋಚಿದ ಹಿಡಿತವನ್ನು ಹಿಡಿದು, ಬಲವನ್ನೆಲ್ಲ ಹಾಳೆಯ ಮೇಲೆ ಸುರಿಯುತ್ತದೆ. ಹಿಂದಿನ ಹಾಳೆಗೆ ಇಳಿದ ಆ ಗುರುತು ಹೇಳುವುದು ಇದನ್ನೇ. ಹಿಂದೆ ನಮ್ಮ ಕೈಗೆ ಸಿಗುತ್ತಿದ್ದ ತುಂಡು ಬಳಪ ಬಡತನದ ಗುರುತೆಂದು ನಾವು ತಿಳಿದಿದ್ದೆವು. ತುಂಡಾದದ್ದನ್ನು ಮುಷ್ಟಿಯಲ್ಲಿ ಹಿಡಿಯಲು ಬರುವುದಿಲ್ಲ, ಮೂರು ಬೆರಳು ತಾವಾಗಿ ಮುಂದೆ ಬರಬೇಕಾಗುತ್ತದೆ. ಇಂದು ಮಕ್ಕಳ ಕೈಗೆ ತರಬೇತಿ ಕೊಡುವ ಚಿಕಿತ್ಸಕರು ಬಣ್ಣದ ಕಡ್ಡಿಗಳನ್ನು ಬೇಕೆಂದೇ ಮುರಿದು ಕೊಡುತ್ತಾರೆ.

ಕೈಗೂ ಲೆಕ್ಕಕ್ಕೂ ನಂಟಿದೆ ಎನ್ನುವುದಕ್ಕೆ ಸಂಶೋಧನೆಯ ಆಧಾರವೂ ಉಂಟು. ಅಮೆರಿಕದ ಡೇವಿಡ್ ಗ್ರಿಸ್ಮರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶಾಲೆಗೆ ಸೇರುವ ಹೊತ್ತಿಗೆ ಮಗುವಿಗಿರುವ ಬೆರಳ ಕೌಶಲ ಮುಂದಿನ ತರಗತಿಗಳ ಗಣಿತ ಮತ್ತು ಓದಿನ ಸಾಧನೆಯನ್ನು ಮೊದಲೇ ಸೂಚಿಸುತ್ತದೆ. ಒಂದು ಇನ್ನೊಂದನ್ನು ಸೂಚಿಸುತ್ತದೆ ಎಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಗುತ್ತದೆ ಎಂದು ಹೇಳಲಾಗದು. ಮನೆಯ ಅನುಕೂಲ, ಊಟ, ಗಮನ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಆದರೂ ಬೆರಳಿಗೂ ಎಣಿಕೆಗೂ ಒಟ್ಟಿಗೆ ಕೆಲಸ ಕೊಡುವುದರಲ್ಲಿ ಮಗು ಕಳೆದುಕೊಳ್ಳುವುದು ಏನೂ ಇಲ್ಲ. ನೋಟ್‌ಬುಕ್ಕಿನ ಹೇರಿಕೆಯಲ್ಲಿ ಕಳೆದುಕೊಳ್ಳುವುದು ಬಹಳ ಇದೆ.

ಈಗ ಅಟ್ಟ ಹತ್ತೋಣ. ಕರಾವಳಿಯಿಂದ ಸುಳ್ಯ ದಾಟಿ ಕೊಡಗಿನ ಅರೆಭಾಷೆಯ ಮನೆಗಳವರೆಗೆ ಮಳೆಗಾಲದ ಆಟವೆಂದರೆ ಚೆನ್ನೆಮಣೆ. ಒಂದು ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಒಂದು ಗುಳಿಯ ಕಾಯಿಗಳನ್ನೆಲ್ಲ ಬಾಚಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಈ ಒಂದು ಕೆಲಸವನ್ನು ಕಣ್ಣಿಟ್ಟು ನೋಡಿ. ನಾಲ್ಕು ಕಾಯಿ ಅಂಗೈಯಲ್ಲಿವೆ. ಕಿರುಬೆರಳೂ ಉಂಗುರಬೆರಳೂ ಮಡಚಿ ಅವನ್ನು ಕಾಯುತ್ತಿವೆ. ಹೆಬ್ಬೆರಳು ಅವುಗಳಲ್ಲಿ ಒಂದನ್ನು ಅಂಗೈಯಿಂದ ಬೆರಳ ತುದಿಗೆ ತಳ್ಳಿ ತರುತ್ತದೆ. ತೋರುಬೆರಳು, ನಡುಬೆರಳು ಅದನ್ನು ಹಿಡಿದು ಗುಳಿಗೆ ಬಿಡುತ್ತವೆ. ಉಳಿದ ಮೂರು ಜಾರಬಾರದು. ಕೈಯ ಅರ್ಧ ಭಾಗ ಹಿಡಿದುಕೊಂಡಿರುತ್ತದೆ, ಇನ್ನರ್ಧ ಕೆಲಸ ಮಾಡುತ್ತದೆ. ಬರೆಯುವ ಕೈ ಮಾಡುವುದೂ ಇದನ್ನೇ: ಕೆಳಗಿನ ಎರಡು ಬೆರಳು ಮಡಚಿ ಹಾಳೆಗೆ ಒರಗಿರುತ್ತವೆ, ಮೇಲಿನ ಮೂರು ಬೆರಳು ಓಡಾಡುತ್ತವೆ. ಅಂಗೈಯಿಂದ ತುದಿಗೆ, ತುದಿಯಿಂದ ಅಂಗೈಗೆ ವಸ್ತುವನ್ನು ಸರಿಸುವ ಈ ಚಳಕವನ್ನು ಚಿಕಿತ್ಸಕರು ನಾಣ್ಯ ಕೊಟ್ಟು ಅಭ್ಯಾಸ ಮಾಡಿಸುತ್ತಾರೆ. ಚೆನ್ನೆಮಣೆಯ ಒಂದು ಆಟದಲ್ಲಿ ಅದು ಎಷ್ಟು ಸಲ ಆಗುತ್ತದೆಂದು ಯಾರೂ ಲೆಕ್ಕ ಇಡುವುದಿಲ್ಲ, ಏಕೆಂದರೆ ಮಗುವಿನ ಮನಸ್ಸು ಗೆಲ್ಲುವುದರಲ್ಲಿರುತ್ತದೆ.

ಎಣಿಕೆಯ ಕಡೆಯಿಂದ ನೋಡಿದರೂ ಅಷ್ಟೇ. ಗುಳಿಗೊಂದು ಕಾಯಿ ಎಂಬುದು ಗೆಲ್ಮನ್ ಹೇಳಿದ ಮೊದಲ ನಿಯಮವನ್ನು ಮರಕ್ಕೆ ಕೊರೆದಂತಿದೆ. ಒಂದು ಗುಳಿ ತಪ್ಪಿದರೆ ಎದುರಿಗೆ ಕುಳಿತವರು ಬಿಡುವುದಿಲ್ಲ. ನಾಲ್ಕು ಕಾಯಿಯ ಗುಳಿಯನ್ನು ನೋಡನೋಡುತ್ತ, ಎಣಿಸದೆಯೇ ನಾಲ್ಕೆಂದು ಗುರುತಿಸುವ ಕಣ್ಣು ಬರುತ್ತದೆ. ಖಾಲಿ ಗುಳಿಯೂ ಆಟದಲ್ಲಿ ಪಾಲುಗೊಳ್ಳುತ್ತದೆ, ಅದು ಎದುರಾದಾಗ ಆಟದ ಗತಿಯೇ ಬದಲಾಗುತ್ತದೆ. ಸೊನ್ನೆ ಎಂಬುದು ಲೆಕ್ಕಕ್ಕೆ ಬಾರದ ವಸ್ತುವಲ್ಲ ಎಂದು ಮಗುವಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮಿನಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದರು. ಅವರು ರೂಪಿಸಿದ ಸಲಕರಣೆಗಳಲ್ಲಿ ಕದಿರುಗಳ ಪೆಟ್ಟಿಗೆಯೊಂದಿದೆ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಖಾನೆ, ನಲವತ್ತೈದು ಕದಿರು. ಸೊನ್ನೆಯ ಖಾನೆ ಖಾಲಿಯೇ ಉಳಿಯಬೇಕು. 1939ರಲ್ಲಿ ಭಾರತಕ್ಕೆ ಬಂದ ಅವರು ಯುದ್ಧದ ಕಾರಣದಿಂದ 1946ರವರೆಗೆ ಇಲ್ಲಿಯೇ ಉಳಿದು ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರ ಮೇಲೆ ನನಗೆ ಬಹಳ ಗೌರವ. ಅವರು ಬುದ್ಧಿಗೂ ಕೈಗೂ ಇರುವ ನಂಟನ್ನು ಶಾಲೆಯ ನಡುವಿಗೆ ತಂದರು. ಆದರೆ ಆ ಪೆಟ್ಟಿಗೆಯನ್ನು ದುಬಾರಿ ಬೆಲೆ ಕೊಟ್ಟು ತರಿಸುವ ಶಾಲೆ, ಪಕ್ಕದ ಮನೆಯ ಅಟ್ಟದಲ್ಲಿ ಗೆದ್ದಲು ಹಿಡಿಯುತ್ತಿರುವ ಮಣೆಯನ್ನು ಕಾಣದೇ ಹೋಗುವುದು ನನಗೆ ನೋವಿನ ಸಂಗತಿ.

ಮಣೆಯೂ ಇಲ್ಲದ ಮನೆಯಲ್ಲಿ ಐದು ಕಲ್ಲು ಸಾಕು. ಆಣೆಕಲ್ಲಿನ ಆಟದಲ್ಲಿ ಒಂದು ಕಲ್ಲನ್ನು ಮೇಲಕ್ಕೆ ಹಾರಿಸಿ, ಅದು ಕೆಳಗೆ ಬರುವುದರೊಳಗೆ ನೆಲದ ನಾಲ್ಕು ಕಲ್ಲನ್ನು ಹೆಕ್ಕಬೇಕು. ಮೊದಲ ಸುತ್ತು ಒಂದೊಂದಾಗಿ, ಆಮೇಲೆ ಎರಡೆರಡು, ಆಮೇಲೆ ಮೂರು ಮತ್ತು ಒಂದು, ಕಡೆಗೆ ನಾಲ್ಕನ್ನೂ ಒಟ್ಟಿಗೆ. ನಾಲ್ಕನ್ನು ಎಷ್ಟು ಬಗೆಯಲ್ಲಿ ಒಡೆಯಬಹುದು ಎಂಬ ಕೂಡುವ ಲೆಕ್ಕವೇ ಇದು. ಏಳೆಂಟು ವರ್ಷದ ಹುಡುಗಿಯರು ಮಾತಿಲ್ಲದೆ, ಕಣ್ಣು ರೆಪ್ಪೆ ಬಡಿಯುವುದರೊಳಗೆ ಇದನ್ನು ಮಾಡಿ ಮುಗಿಸುತ್ತಿದ್ದರು. ಅದೂ ಬೇಡ, ಬರಿಗೈಯೇ ಸಾಕು. ಹಿರಿಯರು ಗೆಣ್ಣು ಎಣಿಸುವುದನ್ನು ನೀವೂ ನೋಡಿರುತ್ತೀರಿ. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಒಂದು ಕೈಗೆ ಹನ್ನೆರಡು. ತುದಿಯನ್ನೂ ಸೇರಿಸುವವರಿಗೆ ಹದಿನಾರು. ಹೆಬ್ಬೆರಳು ಒಂದೊಂದು ಗೆಣ್ಣನ್ನೂ ಮುಟ್ಟುತ್ತ ಕಿರುಬೆರಳಿನ ಬುಡದವರೆಗೆ ಹೋಗಿ ಬರಬೇಕು. ನಾಲ್ಕು ವರ್ಷದ ಮಗುವಿನಿಂದ ಮಾಡಿಸಿ ನೋಡಿ, ಅದು ಎಷ್ಟು ಕಷ್ಟದ ಪಯಣ ಎಂದು ತಿಳಿಯುತ್ತದೆ. ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ನಿಲ್ಲುವುದರ ಮೇಲೆಯೇ ಮನುಷ್ಯನ ಕೈಕೆಲಸವೆಲ್ಲ ನಿಂತಿದೆ. ಅದಕ್ಕೆ ಇದಕ್ಕಿಂತ ಅಗ್ಗದ ಅಭ್ಯಾಸ ಬೇರೊಂದಿಲ್ಲ. ಫೋನಿನ ಪರದೆಯನ್ನು ಒಂದೇ ಬೆರಳಲ್ಲಿ ಸವರುವಾಗ ಹೆಬ್ಬೆರಳಿಗೆ ಇಂಥ ಕೆಲಸವೇ ಇರುವುದಿಲ್ಲ.

ಕೊಡಗಿನ ಮಗುವಿಗೆ ಇನ್ನೊಂದು ಭಾಗ್ಯ ಇದೆ. ಹಣ್ಣಾದ ಕಾಫಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಚಿವುಟಿದರೆ ಲೋಳೆಯೊಡನೆ ಎರಡು ಬೀಜ ಚಿಮ್ಮುತ್ತವೆ. ಐದು ಹಣ್ಣಿಗೆ ಹತ್ತು ಬೀಜ, ಹತ್ತಕ್ಕೆ ಇಪ್ಪತ್ತು: ಎರಡರ ಮಗ್ಗಿ ಗಿಡದಲ್ಲೇ ತೂಗುತ್ತಿದೆ. ಒಮ್ಮೊಮ್ಮೆ ಒಂದು ಹಣ್ಣಿನಲ್ಲಿ ಒಂದೇ ದುಂಡು ಬೀಜ ಬಂದು ಲೆಕ್ಕ ತಪ್ಪುತ್ತದೆ. ಹತ್ತು ಹಣ್ಣು ಸುಲಿದೂ ಹತ್ತೊಂಬತ್ತು ಬೀಜ ಬಂದದ್ದು ಏಕೆ ಎಂದು ಮಗು ಕೇಳಿದರೆ, ಅದೇ ಅದರ ಮೊದಲ ಗಣಿತದ ಪ್ರಶ್ನೆ.

ಇಷ್ಟು ಹೇಳಿದ ಮೇಲೆ ತೋಟದ ಲೈನ್ ಮನೆಗಳ ಮಕ್ಕಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಯರವ, ಜೇನುಕುರುಬ, ಬೆಟ್ಟಕುರುಬ ಕುಟುಂಬಗಳ ಮಕ್ಕಳು, ದೂರದ ಅಸ್ಸಾಂನಿಂದ ಕುಯ್ಲಿಗೆ ಬಂದವರ ಮಕ್ಕಳು. ಇವರ ಬೆರಳು ಬಹಳ ಸಲ ಪೇಟೆಯ ಮಕ್ಕಳ ಬೆರಳಿಗಿಂತ ಚುರುಕು. ಸೊಪ್ಪು ಬಿಡಿಸುತ್ತಾರೆ, ಬಿದಿರಿನ ಸೀಳು ಹೆಣೆಯುವುದನ್ನು ನೋಡಿಯೇ ಕಲಿಯುತ್ತಾರೆ, ಬಿದ್ದ ಮೆಣಸಿನ ಕಾಳನ್ನು ಎಲೆಗಳ ನಡುವಿನಿಂದ ಹೆಕ್ಕುತ್ತಾರೆ. ಶಾಲೆಗೆ ಬಂದ ದಿನ ಅವರ ಮುಂದೆ ನೋಟ್‌ಬುಕ್ಕು ಇಟ್ಟು, ಅಂಕಿ ಬರೆಯಲು ಬರುವುದಿಲ್ಲ ಎಂದು 'ಹಿಂದುಳಿದ' ಪಟ್ಟಿಗೆ ಸೇರಿಸುತ್ತೇವೆ. ಕೈಯಲ್ಲಿ ಇರುವುದನ್ನು ಶಾಲೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೀಜ ಎಣಿಸುವುದರಿಂದ ಪಾಠ ಶುರುವಾದರೆ ಈ ಮಕ್ಕಳು ಮೊದಲ ದಿನವೇ ಮುಂದಿನ ಸಾಲಿನಲ್ಲಿರುತ್ತಾರೆ. ಆದರೆ ಇಲ್ಲೊಂದು ಗೆರೆ ಎಳೆಯಲೇಬೇಕು. ಮಗು ತನಗಾಗಿ ಎಣಿಸುವುದು ಆಟ, ತೂಕದ ಚೀಲಕ್ಕಾಗಿ ಹೆಕ್ಕುವುದು ದುಡಿಮೆ. ಕೈಚಳಕದ ಹೆಸರಿನಲ್ಲಿ ಮಕ್ಕಳ ಕೈಯನ್ನು ಕಣಕ್ಕೆ ಎಳೆಯುವವರಿಗೆ ನನ್ನ ವಾದ ಸಿಗಬಾರದು. ಐವತ್ತು ಅಥವಾ ಹೆಚ್ಚು ಮಹಿಳೆಯರು ದುಡಿಯುವ ತೋಟದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆಟಕ್ಕೆ ಬೇಕಾದ ಆ ಜಾಗ ಮೊದಲು ಇರಲಿ, ಬೀಜಗಳು ತಾವಾಗಿ ಬರುತ್ತವೆ.

ಭಾಷೆಯ ತೊಡಕಿಗೂ ಬೀಜವೇ ಪರಿಹಾರ. ಕೊಡಗಿನ ಒಂದು ಅಂಗನವಾಡಿ ಕೋಣೆಯಲ್ಲಿ ನಾಲ್ಕೈದು ಮನೆಮಾತುಗಳು ಕೂಡಿರುತ್ತವೆ. ಕನ್ನಡದ ಐದು ಕೊಡವ ತಕ್ಕಿನಲ್ಲಿ ಅಂಜಿ, ಮಲಯಾಳದಲ್ಲಿ ಅಂಜ್, ತುಳುವಿನಲ್ಲಿ ಐನ್. ಎದುರಿಗಿರುವ ಕಾಯಿಗಳು ಮಾತ್ರ ಎಲ್ಲರಿಗೂ ಅಷ್ಟೇ. ಮಗು ತನ್ನ ಅವ್ವನ ಮಾತಿನಲ್ಲಿ ಮೊದಲು ಎಣಿಸಲಿ. ಕೈಗೆ ಗೊತ್ತಾದ ಸಂಖ್ಯೆಗೆ ಕನ್ನಡದ ಹೆಸರು ಕಲಿಯುವುದು ಒಂದು ವಾರದ ಕೆಲಸ. ಕೈಗೆ ಗೊತ್ತಿಲ್ಲದ ಸಂಖ್ಯೆಗೆ ಗೊತ್ತಿಲ್ಲದ ಭಾಷೆಯ ಹೆಸರು ಕಲಿಸಿದರೆ ಉಳಿಯುವುದು ಬಾಯಿಪಾಠ ಮಾತ್ರ.

ಇದನ್ನೆಲ್ಲ ಕೇಳಿದ ತಂದೆತಾಯಿಯರು ಒಂದು ಪ್ರಶ್ನೆ ಕೇಳುತ್ತಾರೆ. ಪಕ್ಕದ ಮನೆಯ ಮಗು ನೂರರವರೆಗೆ ಬರೆಯುವಾಗ ನಮ್ಮ ಮಗು ಬೀಜ ಎಣಿಸುತ್ತ ಕೂತರೆ ಹೇಗೆ? ಆತಂಕ ನಿಜವಾದದ್ದು, ಅದನ್ನು ಹಗುರವಾಗಿ ಕಾಣಬಾರದು. ಮಗು ಶಾಲೆಯಲ್ಲಿ ಏನು ಮಾಡಿತು ಎಂಬುದಕ್ಕೆ ಅವರ ಕೈಗೆ ಸಿಗುವ ಸಾಕ್ಷಿ ನೋಟ್‌ಬುಕ್ಕು ಒಂದೇ. ಶುಲ್ಕ ಕಟ್ಟಿದ್ದಕ್ಕೆ ಅದೇ ರಸೀದಿಯಾಗಿಬಿಟ್ಟಿದೆ. ಆದರೆ ಸರ್ಕಾರ ಬೇಡುತ್ತಿರುವುದೇನು ಎಂಬುದನ್ನು ಅವರು ತಿಳಿಯಬೇಕು. 2021ರ ಜುಲೈ 5ರಂದು ಆರಂಭವಾದ ನಿಪುಣ್ ಭಾರತ್ ಕಾರ್ಯಕ್ರಮ ಒಂದನೇ ತರಗತಿಗೆ ಮೊದಲಿನ ಮಗುವಿಗೆ ಇಟ್ಟ ಗುರಿ ಹತ್ತರವರೆಗಿನ ಅಂಕಿಗಳನ್ನು ಗುರುತಿಸಿ ಓದುವುದು. 99ರವರೆಗೆ ಓದಿ ಬರೆಯುವುದು ಒಂದನೇ ತರಗತಿಯ ಗುರಿ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಆಟದ ಮೇಲೆಯೇ ನಿಲ್ಲಿಸಿದೆ. ನಮ್ಮದೇ ರಾಜ್ಯದ ನಲಿ-ಕಲಿ 1995ರಲ್ಲಿ, ಕೊಡಗಿಗೆ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಚಿಗುರಿದ್ದು ಇದೇ ನಂಬಿಕೆಯಿಂದ. ಹಾಗಾದರೆ ನಾಲ್ಕೂವರೆ ವರ್ಷದ ಮಗುವಿನಿಂದ ನೂರರವರೆಗೆ ಬರೆಸುವುದು ಯಾರ ಪಠ್ಯಕ್ರಮ? ಪೈಪೋಟಿಯ ಪಠ್ಯಕ್ರಮ. ಅದಕ್ಕೆ ಲೇಖಕರಿಲ್ಲ, ಹೊಣೆಗಾರರಿಲ್ಲ, ನೋಯುವ ಬೆರಳು ಮಾತ್ರ ಇದೆ.

ಅಂಗನವಾಡಿಯ ಟೀಚರಿಗೆ ಇದೆಲ್ಲ ಹೊಸದೇನಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಕರ್ನಾಟಕದ ಪಾಲು ತಿರುಮಕೂಡಲು ನರಸೀಪುರ. ಅಂದಿನಿಂದಲೂ ಶಾಲಾಪೂರ್ವ ಶಿಕ್ಷಣ ಅವರ ಕೆಲಸದ ಭಾಗ. ರಾಜ್ಯದ 'ಚಿಲಿಪಿಲಿ' ಕೈಪಿಡಿಯೂ ಅವರ ಬಳಿ ಇದೆ. ಅವರ ಬಳಿ ಇಲ್ಲದಿರುವುದು ಹೊತ್ತು. ಮೊಟ್ಟೆ ಹಂಚಬೇಕು, ತೂಕ ನೋಡಬೇಕು, ಗರ್ಭಿಣಿಯರ ಲೆಕ್ಕ ಇಡಬೇಕು, ಮೊಬೈಲಿನಲ್ಲಿ ಎಲ್ಲವನ್ನೂ ತುಂಬಬೇಕು. ತೋಟದ ನಡುವೆ ನೆಟ್‌ವರ್ಕ್ ಹುಡುಕುತ್ತ ಏರಿ ಹತ್ತಬೇಕು. ಮಕ್ಕಳ ಪಕ್ಕ ಕುಳಿತು ಬೆರಳು ನೋಡುವುದಕ್ಕೆ ದಿನದಲ್ಲಿ ಒಂದು ಗಂಟೆಯಾದರೂ ಅವರಿಗೆ ಬಿಡುವು ಮಾಡಿಕೊಡದೆ ಹೊಸ ಕಿಟ್ಟು ಕಳಿಸಿ ಪ್ರಯೋಜನವಿಲ್ಲ.

ಎಚ್ಚರದ ಮಾತೊಂದು ಉಳಿದಿದೆ. ಮೂರು ವರ್ಷದೊಳಗಿನ ಮಗುವಿನ ಕೈಗೆ ಸಣ್ಣ ಬೀಜ ಕೊಡಬೇಡಿ, ಅದು ಬಾಯಿಗೆ ಹೋಗುತ್ತದೆ, ಉಸಿರುಗಟ್ಟುತ್ತದೆ. ಆ ಮಕ್ಕಳಿಗೆ ತೆಂಗಿನ ಚಿಪ್ಪು, ಇಡೀ ಕಿತ್ತಳೆ, ಲೋಟಗಳು ಸಾಕು. ನಂತರ ಹಲಸಿನ ಬೀಜ, ಆಮೇಲೆ ಹುಣಸೆ ಬೀಜ, ಕೊನೆಗೆ ಕಾಫಿ ಬೀಜ. ಹಣ್ಣಿನ ಮೇಲೆ ಔಷಧಿ ಹೊಡೆದಿರಬಹುದು, ತೊಳೆದು ಕೊಡಿ. ದೊಡ್ಡವರೊಬ್ಬರು ಹತ್ತಿರ ಇರಲೇಬೇಕು. ಅಂದವಾದ ಕೆಂಪು ಕಪ್ಪು ಗುಲಗಂಜಿಯನ್ನಂತೂ ಯಾವ ವಯಸ್ಸಿನ ಮಗುವಿಗೂ ಆಡಲು ಕೊಡಬಾರದು. ಅದರ ಸಿಪ್ಪೆ ಒಡೆದರೆ ಒಳಗಿರುವುದು ಪ್ರಾಣ ತೆಗೆಯುವ ವಿಷ.

ಆ ಮಳೆಯ ದಿನ ಹುಡುಗಿಯ ಅವ್ವ ನೋಟ್‌ಬುಕ್ಕು ಎತ್ತಿಟ್ಟು, ಮೊಟ್ಟೆಯ ಖಾಲಿ ಟ್ರೇ ತಂದುಕೊಟ್ಟರು. ಮನೆಯಲ್ಲಿ ಚೆನ್ನೆಮಣೆ ಇರಲಿಲ್ಲ. ಮೂವತ್ತು ಗುಳಿಯ ಆ ಟ್ರೇಗೆ ಹುಡುಗಿ ಗುಳಿಗೊಂದರಂತೆ ಹಲಸಿನ ಬೀಜ ಇಡುತ್ತ ಹೋದಳು. ಕೊನೆಯ ಗುಳಿಗೆ ಬಂದಾಗ ಅವಳ ಬಾಯಲ್ಲಿ ಮೂವತ್ತೊಂದು ಇತ್ತು. ತಾನೇ ಗಮನಿಸಿ, ಎಲ್ಲವನ್ನೂ ಸುರಿದು ಮತ್ತೆ ಮೊದಲಿನಿಂದ ಶುರು ಮಾಡಿದಳು. ಮುಂದಿನ ಮಳೆ ರಜೆಗೆ ನಿಮ್ಮ ಮನೆಯ ಮಗುವಿನ ಮುಂದೆಯೂ ಒಂದು ಮೊಟ್ಟೆ ಟ್ರೇ, ಮೂವತ್ತು ಬೀಜ ಇಡಿ. ಪಕ್ಕದಲ್ಲಿ ಕುಳಿತುಕೊಳ್ಳಿ, ತಪ್ಪಿದರೆ ತಿದ್ದಲು ಅವಸರಪಡಬೇಡಿ.